ದಂಡೆ ಬಲಗೈಗೆ: ಇಳಿಜಾರು ತಳದ ಮೇಲೆ ಸಮುದ್ರದ ಸುಳಿ ಸಾಗುವ ಬಗೆಯನ್ನು ಶಾಲೆಯಲ್ಲೇ ಮಾಡಿ ನೋಡುವುದು ಹೇಗೆ?

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ವಿಜ್ಞಾನ ಶಿಕ್ಷಕರೂ ವಿದ್ಯಾರ್ಥಿಗಳೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಒಂದು: ಮಳೆಗಾಲದಲ್ಲಿ ತುಂಗಭದ್ರೆ, ಕೃಷ್ಣೆಗಳಲ್ಲಿ ಕಾಣುವ ಸುಳಿಯೂ ಸಮುದ್ರದ ಸುಳಿಯೂ ಒಂದೇ ತಾನೆ? ಇನ್ನೊಂದು: ಸಮುದ್ರದ ತಳ ಎರಡು ಮೂರು ಕಿಲೋಮೀಟರ್ ಕೆಳಗಿದೆ, ಅದು ಓರೆಯಾಗಿದ್ದರೆ ಮೇಲಿನ ಸುಳಿಗೆ ಹೇಗೆ ಗೊತ್ತಾಗುತ್ತದೆ?

ಮೊದಲನೆಯದಕ್ಕೆ ಉತ್ತರ: ಒಂದೇ ಅಲ್ಲ. ಭೂಮಿ ತಿರುಗುತ್ತಿದೆ ಎಂಬುದು ಒಂದು ಸುಳಿಗೆ ತಟ್ಟುತ್ತದೋ ಇಲ್ಲವೋ ಎಂದು ನೋಡಲು ಸುಲಭದ ಲೆಕ್ಕವಿದೆ. ನೀರಿನ ವೇಗವನ್ನು ಸುಳಿಯ ಅಗಲದಿಂದಲೂ ಕೊರಿಯಾಲಿಸ್ ಅಂಶದಿಂದಲೂ ಭಾಗಿಸಿ. ಕೊರಿಯಾಲಿಸ್ ಅಂಶ ಎಂದರೆ ಆಯಾ ಅಕ್ಷಾಂಶದಲ್ಲಿ ಭೂಮಿಯ ತಿರುಗುವಿಕೆ ಎಷ್ಟು ಕೆಲಸ ಮಾಡುತ್ತದೆ ಎಂಬುದರ ಅಳತೆ. ನಮ್ಮ ಕಡೆ, 15.5 ಡಿಗ್ರಿ ಉತ್ತರದಲ್ಲಿ, ಅದು ಸೆಕೆಂಡಿಗೆ ಸುಮಾರು 0.000039. ಸೆಕೆಂಡಿಗೆ 1 ಮೀಟರ್ ವೇಗದ, 5 ಮೀಟರ್ ಅಗಲದ ಹೊಳೆಯ ಸುಳಿಗೆ ಉತ್ತರ 5,000ಕ್ಕೂ ಮೇಲೆ ಬರುತ್ತದೆ. ಸೆಕೆಂಡಿಗೆ 30 ಸೆಂ.ಮೀ. ವೇಗದ, 100 ಕಿ.ಮೀ. ಅಗಲದ ಸಮುದ್ರದ ಸುಳಿಗೆ 0.08 ಬರುತ್ತದೆ. ಈ ಅಂಕಿ 1ಕ್ಕಿಂತ ಬಹಳ ಕಡಿಮೆ ಇದ್ದಾಗ ಮಾತ್ರ ತಿರುಗುವಿಕೆಯದೇ ದರ್ಬಾರು. ಹೊಳೆಯ ಸುಳಿಗೆ ಭೂಮಿ ತಿರುಗುವುದು ತಿಳಿಯುವುದೇ ಇಲ್ಲ.

ಎರಡನೆಯ ಪ್ರಶ್ನೆಗೆ ಮಾತಿನ ಉತ್ತರಕ್ಕಿಂತ ಕಣ್ಣಿಗೆ ಕಾಣುವ ಉತ್ತರವೇ ಮೇಲು. ಒಂದು ಟಬ್, 15 ಲೀಟರ್ ನೀರು, ನಿಧಾನವಾಗಿ ತಿರುಗುವ ಒಂದು ಹಲಗೆ ಇದ್ದರೆ ಸಾಕು. ಟಬ್ಬಿನಲ್ಲಿ ಸೆಕೆಂಡಿಗೆ 1 ಸೆಂ.ಮೀ. ವೇಗದ, 6 ಸೆಂ.ಮೀ. ಅಗಲದ ಸುಳಿ ಮಾಡಿ, ಹಲಗೆಯನ್ನು ನಿಮಿಷಕ್ಕೆ 10 ಸುತ್ತು ತಿರುಗಿಸಿದರೆ (ಆಗ ಟಬ್ಬಿನ ಕೊರಿಯಾಲಿಸ್ ಅಂಶ ಸೆಕೆಂಡಿಗೆ 2.1) ಮೇಲಿನ ಲೆಕ್ಕ ಮತ್ತೆ 0.08ಕ್ಕೇ ಬಂದು ನಿಲ್ಲುತ್ತದೆ. ಸಮುದ್ರವನ್ನು ಟಬ್ಬಿಗೆ ಇಳಿಸಲು ನಮಗೆ ಅಧಿಕಾರ ಕೊಡುವುದು ಈ ಹೊಂದಿಕೆಯೇ.

ಮೊದಲು ತಿಳಿದಿರಬೇಕಾದದ್ದು

ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದನ್ನು ಇಲ್ಲಿ ಎಡಸುಳಿ ಎನ್ನೋಣ, ಮುಳ್ಳಿನಂತೆಯೇ ಸುತ್ತುವುದನ್ನು ಬಲಸುಳಿ ಎನ್ನೋಣ. ಉತ್ತರಾರ್ಧ ಗೋಳದಲ್ಲಿ ಭೂಮಿಯ ತಿರುಗುವಿಕೆ ಎಡಸುಳಿಯ ದಿಕ್ಕಿನದು.

ತಿರುಗುವ ನೀರು ಮೇಲಿನಿಂದ ತಳದವರೆಗೆ ನೆಟ್ಟಗಿನ ಕಂಬಗಳಂತೆ ಚಲಿಸುತ್ತದೆ. 1920ರ ದಶಕದಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಜಿ.ಐ. ಟೇಲರ್ ಇದನ್ನು ಪ್ರಯೋಗದಲ್ಲಿ ತೋರಿಸಿದರು. ತಳದ ಸುದ್ದಿ ಮೇಲಕ್ಕೆ ಮುಟ್ಟುವುದು ಈ ಕಂಬಗಳ ಮೂಲಕ. ಕಂಬ ಆಳದ ಕಡೆಗೆ ಸರಿದರೆ ಉದ್ದವಾಗಿ ತೆಳ್ಳಗಾಗುತ್ತದೆ. ತಿರುಗುಕುರ್ಚಿಯಲ್ಲಿ ಕುಳಿತವರು ಚಾಚಿದ ಕೈ ಒಳಗೆ ಎಳೆದುಕೊಂಡಾಗ ವೇಗ ಹೆಚ್ಚುವ ಹಾಗೆ ಅದಕ್ಕೆ ಎಡಸುತ್ತು ಹೆಚ್ಚುತ್ತದೆ. ಆಳ ಕಡಿಮೆ ಇರುವ ಕಡೆಗೆ ಸರಿದರೆ ಕಂಬ ಗಿಡ್ಡವಾಗಿ, ಬಲಸುತ್ತು ಹುಟ್ಟುತ್ತದೆ.

ಈಗ ಆಳವಿಲ್ಲದ ದಂಡೆ ಕಾಗದದ ಮೇಲ್ತುದಿಯಲ್ಲಿದೆ ಎಂದುಕೊಂಡು ಒಂದು ಎಡಸುಳಿ ಬರೆಯಿರಿ. ಅದರ ಎಡಪಕ್ಕದಲ್ಲಿ ನೀರು ಕೆಳಕ್ಕೆ, ಎಂದರೆ ಆಳಕ್ಕೆ, ಇಳಿಯುತ್ತದೆ. ಅಲ್ಲಿ ಹೊಸ ಎಡಸುತ್ತು ಹುಟ್ಟುತ್ತದೆ. ಬಲಪಕ್ಕದಲ್ಲಿ ನೀರು ದಂಡೆಯ ಕಡೆ ಏರಿ ಬಲಸುತ್ತು ಪಡೆಯುತ್ತದೆ, ಅಲ್ಲಿ ಸುಳಿ ಅಳಿಯುತ್ತದೆ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಅಳಿದರೆ ಸುಳಿ ಎಡಕ್ಕೆ ಸಾಗಿದಂತೆಯೇ. ಬಲಸುಳಿ ಬರೆದು ಇದೇ ಲೆಕ್ಕ ಮಾಡಿ: ಅದೂ ಎಡಕ್ಕೇ ಹೋಗುತ್ತದೆ. ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ದಂಡೆ ಬಲಗೈಗೆ ಬರುತ್ತದೆ. ಈ ಲೇಖನದಲ್ಲಿ ನೆನಪಿಡಬೇಕಾದ ಸೂತ್ರ ಇದೊಂದೇ.

ಇದರ ಜೊತೆಗೆ ಸುಳಿಯ ಅಕ್ಕಪಕ್ಕ ಹುಟ್ಟಿದ ಆ ಹೊಸ ಸುತ್ತುಗಳು ಮೂಲ ಸುಳಿಯ ಸುತ್ತ ತುಸು ತಿರುಗಿ, ಎರಡೂ ಸೇರಿ ಅದನ್ನು ಓರೆಯಾಗಿ ನೂಕುತ್ತವೆ. ಎಡಸುಳಿ ಇಳಿಜಾರು ಹತ್ತುತ್ತದೆ, ಬಲಸುಳಿ ಇಳಿಯುತ್ತದೆ.

ಬೇಕಾದ ಸಾಮಾನು

ಒಳಗಿನ ಅಗಲ 44 ಸೆಂ.ಮೀ., ಎತ್ತರ 20 ಸೆಂ.ಮೀ. ಇರುವ ದುಂಡನೆಯ ಪ್ಲಾಸ್ಟಿಕ್ ಟಬ್ ಎರಡು. 60 ಸೆಂ.ಮೀ. ಅಗಲದ, 18 ಮಿ.ಮೀ. ದಪ್ಪದ ದುಂಡು ಪ್ಲೈವುಡ್. ಊಟದ ಮೇಜಿನ ನಡುವೆ ತಿರುಗುವ ತಟ್ಟೆಗೆ ಹಾಕುವ 12 ಇಂಚಿನ ಬಾಲ್ ಬೇರಿಂಗ್. 12 ವೋಲ್ಟಿನ, ನಿಮಿಷಕ್ಕೆ 100 ಸುತ್ತಿನ ಗೇರ್ ಮೋಟರು, ಅದರ ವೇಗ ಹೊಂದಿಸುವ ರೆಗ್ಯುಲೇಟರ್, 6 ಸೆಂ.ಮೀ. ಅಗಲದ ರಬ್ಬರ್ ಗಾಲಿ. ಪ್ಲಾಸ್ಟರ್ ಆಫ್ ಪ್ಯಾರಿಸ್ 5 ಕೆ.ಜಿ., ಬಿಳಿ ಆಯಿಲ್ ಪೇಂಟ್. 4 ಇಂಚಿನ ಪಿವಿಸಿ ಪೈಪಿನ 20 ಸೆಂ.ಮೀ. ತುಂಡು. ತಿನಿಸಿನ ಬಣ್ಣ, ಡ್ರಾಪರ್, ಪಂಚಿಂಗ್ ಮಷೀನಿನಿಂದ ಉದುರಿದ ಕಾಗದದ ಚುಕ್ಕಿಗಳು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಮೊಬೈಲ್ ಫೋನ್.

ಕುಂಬಾರರ ತಿಗರಿ ಆಗುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಕೋಲಿನಿಂದ ತಿರುಗಿಸುವ ತಿಗರಿ ಗಳಿಗೆ ಗಳಿಗೆಗೂ ವೇಗ ಕಳೆದುಕೊಳ್ಳುತ್ತದೆ; ಈ ಪ್ರಯೋಗಕ್ಕೆ ಅದೇ ಮಾರಕ. ಯಾಕೆಂದು ಮುಂದಿನ ಹಂತದಲ್ಲಿದೆ.

ಹಂತ 1: ತಿರುಗುವ ಹಲಗೆ

ಬೇರಿಂಗಿನ ಒಂದು ಬಳೆಯನ್ನು ಪ್ಲೈವುಡ್ಡಿನ ಕೆಳಗೆ ನಟ್ಟನಡುವೆ ತಿರುಪು ಹಾಕಿ ಬಿಗಿಯಿರಿ, ಇನ್ನೊಂದನ್ನು ಕೆಳಗಿನ ಭದ್ರ ಹಲಗೆಗೆ ಬಿಗಿಯಿರಿ. ಶಹಾಬಾದ್ ಕಲ್ಲಿನ ನೆಲ ಅಥವಾ ಗ್ರಾನೈಟ್ ಕಟ್ಟೆ ಇದ್ದರೆ ಅದರ ಮೇಲಿಡಿ. ಮರದ ಬೆಂಚು ಅಲುಗುತ್ತದೆ. ರಬ್ಬರ್ ಗಾಲಿ ಪ್ಲೈವುಡ್ಡಿನ ಅಂಚಿಗೆ ಒತ್ತಿಕೊಂಡು ತಿರುಗುವಂತೆ ಮೋಟರನ್ನು ಒಂದು ಕೀಲಿನ ಮೇಲೆ ಕೂರಿಸಿ, ಸ್ಪ್ರಿಂಗಿನಿಂದ ಎಳೆದಿಡಿ. ಹಲಗೆಯ ಅಗಲ ಗಾಲಿಯ ಹತ್ತು ಪಟ್ಟು ಇರುವುದರಿಂದ 100 ಸುತ್ತು 10 ಆಗುತ್ತದೆ. ಹಲಗೆ ಎಡಸುತ್ತು ತಿರುಗಬೇಕು. ತಿರುವುಮುರುವಾದರೆ ಮೋಟರಿನ ಎರಡು ವೈರುಗಳನ್ನು ಅದಲುಬದಲು ಮಾಡಿ.

ಗೌಂಡಿಗಳ ರಸಮಟ್ಟವನ್ನು ಹಲಗೆಯ ಮೇಲಿಟ್ಟು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಗುಳ್ಳೆ ಎಲ್ಲ ಕಡೆ ನಡುವೆಯೇ ನಿಲ್ಲಬೇಕು. ಮಟ್ಟ ತಪ್ಪಿದ್ದರೆ ಪ್ರತಿ ಸುತ್ತಿಗೆ ಒಮ್ಮೆ ನೀರು ಟಬ್ಬಿನೊಳಗೆ ತೂಗಾಡಿ ಸುಳ್ಳು ಹರಿವು ಹುಟ್ಟುತ್ತದೆ.

ವೇಗದ ಬಗ್ಗೆ ಕಟ್ಟುನಿಟ್ಟಾಗಿರಿ. ನಡುವಿನಿಂದ 20 ಸೆಂ.ಮೀ. ದೂರದಲ್ಲಿ ಟಬ್ ಸೆಕೆಂಡಿಗೆ 21 ಸೆಂ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಏರುಪೇರಾದರೂ ನೀರು ಟಬ್ಬಿಗೆ ಹೋಲಿಸಿದರೆ ಸೆಕೆಂಡಿಗೆ 2 ಮಿ.ಮೀ. ಜಾರುತ್ತದೆ, ಮತ್ತು ನಾವು ಅಳೆಯಹೊರಟ ಸುಳಿಯ ಸಾಗಾಟವೂ ಹೆಚ್ಚುಕಡಿಮೆ ಅಷ್ಟೇ. ವೋಲ್ಟೇಜ್ ಏರಿಳಿಯುವ ಊರಾದರೆ ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿಯಿಂದ ನಡೆಸಿ. 10 ಸುತ್ತಿಗೆ 60 ಸೆಕೆಂಡ್ ಎಂದು ಹೊಂದಿಸಿದ ಮೇಲೆ ರೆಗ್ಯುಲೇಟರ್ ಮುಟ್ಟಬೇಡಿ. ನಡುವೆ ಕರೆಂಟು ಹೋಗಿ ನಿಂತರೆ ಹಂತ 3ರಿಂದ ಮತ್ತೆ ಶುರು.

ಇನ್ನೂ ಜೋರಾಗಿ ತಿರುಗಿಸುವ ಆಸೆ ಬೇಡ. ತಿರುಗುವ ನೀರಿನ ಮೇಲ್ಮೈ ಬಟ್ಟಲಿನಂತೆ ತಗ್ಗಾಗುತ್ತದೆ. 10 ಸುತ್ತಿನಲ್ಲಿ ಅಂಚಿಗೂ ನಡುವಿಗೂ ವ್ಯತ್ಯಾಸ ಸುಮಾರು 2.7 ಮಿ.ಮೀ. ಅಷ್ಟೇ, 30 ಸುತ್ತಿನಲ್ಲಿ ಅದು ಸುಮಾರು 2.4 ಸೆಂ.ಮೀ. ಆಗುತ್ತದೆ. ಆಗ ಮೇಲಿನ ಓರೆಯೇ ತಳದ ಓರೆಯ ಜೊತೆ ಜಗಳಕ್ಕೆ ಬೀಳುತ್ತದೆ.

ಹಂತ 2: ಓರೆ ತಳ

ದುಂಡು ಟಬ್ಬಿನೊಳಗೆ ಓರೆಯಾಗಿ ಕೂರುವ ಹಾಳೆ ಕತ್ತರಿಸುವುದು ತಲೆನೋವು. ಇದಕ್ಕಿಂತ ಸುಲಭದ ದಾರಿ: ಟಬ್ಬನ್ನೇ ಓರೆ ಮಾಡಿ ಪ್ಲಾಸ್ಟರ್ ಸುರಿಯುವುದು. ಒಂದು ಟಬ್ಬಿನ ಒಂದು ಬದಿಯನ್ನು ಇಟ್ಟಿಗೆ ಚೂರುಗಳಿಂದ 6.6 ಸೆಂ.ಮೀ. ಎತ್ತಿಡಿ. 5 ಕೆ.ಜಿ. ಪ್ಲಾಸ್ಟರನ್ನು 3.25 ಲೀಟರ್ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಒಂದೇ ಸಲಕ್ಕೆ ಸುರಿಯಿರಿ. ಸುಮಾರು 5 ಲೀಟರ್ ಆಗುತ್ತದೆ. ಅದು ತಾನಾಗಿ ಸಮಮಟ್ಟಕ್ಕೆ ನಿಲ್ಲುತ್ತದೆ. ಗಟ್ಟಿಯಾದ ಮೇಲೆ ಟಬ್ಬನ್ನು ನೆಟ್ಟಗೆ ಇಟ್ಟರೆ ಒಳಗೆ 100ಕ್ಕೆ 15ರ ಇಳಿಜಾರು ಸಿದ್ಧ.

ಎಚ್ಚರಿಕೆ: ಪ್ಲಾಸ್ಟರ್ ಗಟ್ಟಿಯಾಗುವಾಗ ಕಾಯುತ್ತದೆ. ಮಕ್ಕಳು ಅದರೊಳಗೆ ಕೈ ಇಟ್ಟು ಅಚ್ಚು ತೆಗೆಯಲು ಹೋಗಬಾರದು, ಚರ್ಮ ಸುಡುತ್ತದೆ. ಉಳಿದದ್ದನ್ನು ಚರಂಡಿಗೆ ಚೆಲ್ಲಬೇಡಿ, ಅಲ್ಲೇ ಕಲ್ಲಾಗುತ್ತದೆ.

ಒಂದು ವಾರ ಒಣಗಿಸಿ, ಎರಡು ಕೈ ಬಿಳಿ ಪೇಂಟ್ ಹೊಡೆಯಿರಿ. ಪೇಂಟಿಲ್ಲದ ಪ್ಲಾಸ್ಟರ್ ಬಣ್ಣ ಕುಡಿಯುತ್ತದೆ, ನೀರನ್ನೂ ಹಾಲಿನಂತೆ ಮಾಡುತ್ತದೆ. ಒಂದು ಕಡೆ ದಪ್ಪ ಇರುವುದರಿಂದ ತೂಕ ಓರೆಯಾಗುತ್ತದೆ. ಎದುರು ಬದಿಯಲ್ಲಿ, ನಡುವಿನಿಂದ 20 ಸೆಂ.ಮೀ. ದೂರಕ್ಕೆ, ಸುಮಾರು 1 ಕೆ.ಜಿ. ತೂಕ ಕಟ್ಟಿ ಸರಿದೂಗಿಸಿ.

ಇನ್ನೊಂದು ಟಬ್ಬಿನ ತಳ ಸಮವಾಗಿಯೇ ಇರಲಿ. ಅದಿಲ್ಲದೆ ಪ್ರಯೋಗ ಮಾಡಬೇಡಿ. ಸಮತಳದಲ್ಲಿ ನಿಂತಲ್ಲೇ ನಿಂತ ಸುಳಿ ಓರೆ ತಳದಲ್ಲಿ ಸಾಗಿದಾಗಲೇ ಕಾರಣ ಇಳಿಜಾರು ಎಂದು ಹೇಳುವ ಹಕ್ಕು ಬರುವುದು.

ಹಂತ 3: ನೀರು ತುಂಬಿ ಕಾಯುವುದು

ಎರಡಕ್ಕೂ 15 ಲೀಟರ್. ಸಮತಳದಲ್ಲಿ ಆಳ ಎಲ್ಲೆಡೆ 9.9 ಸೆಂ.ಮೀ.; ಓರೆ ತಳದಲ್ಲಿ ಒಂದು ಕಡೆ 13.2, ಇನ್ನೊಂದು ಕಡೆ 6.6, ಸರಾಸರಿ ಅದೇ 9.9.

ಮಾಳಿಗೆಯ ಮೇಲಿನ ಟ್ಯಾಂಕಿನ ಬಿಸಿನೀರನ್ನು ನೇರವಾಗಿ ಬಳಸಬೇಡಿ. ಹಿಂದಿನ ರಾತ್ರಿಯೇ ಕೋಣೆಯಲ್ಲಿ ತುಂಬಿಟ್ಟರೆ ನೀರೂ ಗಾಳಿಯೂ ಒಂದೇ ಹದಕ್ಕೆ ಬರುತ್ತವೆ, ಗುಳ್ಳೆಗಳೂ ಹೋಗುತ್ತವೆ. ನಮ್ಮ ಸೀಮೆಯ ಒಣಗಾಳಿಯಲ್ಲಿ ಇನ್ನೊಂದು ತೊಂದರೆ ಇದೆ, ಕರಾವಳಿಯವರಿಗೆ ಇಷ್ಟು ಕಾಡದು. ನೀರು ಬೇಗ ಆವಿಯಾಗಿ ಮೇಲ್ಪದರ ತಣ್ಣಗಾಗುತ್ತದೆ, ಆ ತಣ್ಣೀರು ಎಳೆ ಎಳೆಯಾಗಿ ಕೆಳಗಿಳಿದು ಟಬ್ಬಿನ ತುಂಬ ಬೇಡದ ಸಣ್ಣ ಸುಳಿಗಳನ್ನು ಎಬ್ಬಿಸುತ್ತದೆ. ಅದಕ್ಕೆ ಟಬ್ಬಿನ ಬಾಯಿಗೆ ಪಾರದರ್ಶಕ ಹಾಳೆ ಬಿಗಿದು, ಐಸ್ ಹಾಕಲು ಒಂದು ಸೀಳು ಬಿಡಿ. ಫ್ಯಾನ್ ಬಂದ್ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಾದರೆ ಬೆಳಗಿನ ಹೊತ್ತೇ ಸರಿ.

ಮೊಬೈಲನ್ನು ಹಲಗೆಗೇ ಕಟ್ಟಿದ ಚೌಕಟ್ಟಿನಲ್ಲಿ ಕೆಳಮುಖವಾಗಿ ಕೂರಿಸಿ, ಅದೂ ಟಬ್ಬಿನ ಜೊತೆ ತಿರುಗಲಿ. ಕೋಣೆಯಲ್ಲಿ ನಿಂತು ತೆಗೆದ ವಿಡಿಯೋದಲ್ಲಿ ಟಬ್ ತಿರುಗುವುದೇ ಕಾಣುತ್ತದೆ, ಸುಳಿ ಕಾಣುವುದಿಲ್ಲ. ಆಳವಿಲ್ಲದ ದಂಡೆ ಚಿತ್ರದ ಮೇಲ್ತುದಿಗೆ ಬರುವಂತೆ ಮೊಬೈಲ್ ತಿರುಗಿಸಿಡಿ.

ಈಗ ಹಲಗೆ ತಿರುಗಲಿ. 20 ನಿಮಿಷ ಕಾಯಿರಿ. ತಳದ ತೆಳು ಪದರದ ಘರ್ಷಣೆಯಿಂದ ನೀರು ಟಬ್ಬಿನ ವೇಗಕ್ಕೆ ಬರಲು ಈ ಅಳತೆಯಲ್ಲಿ ಸುಮಾರು 100 ಸೆಕೆಂಡಿನ ಗಡುವು. ಅಂಥ ಹನ್ನೆರಡು ಗಡುವು ಕಳೆದರೆ ನೀರು ಟಬ್ಬಿನೊಡನೆ ಒಂದಾಗಿ ತಿರುಗುತ್ತದೆ. ಬಹಳ ಜನರ ಪ್ರಯೋಗ ಕೆಡುವುದು ಇಲ್ಲೇ, ಐದು ನಿಮಿಷಕ್ಕೇ ಆತುರ ಪಡುತ್ತಾರೆ.

ಹಂತ 4: ಬಣ್ಣದ ಪರೀಕ್ಷೆ

ಡ್ರಾಪರಿನಿಂದ ಒಂದು ಹನಿ ಬಣ್ಣ ಬಿಡಿ. ನೀರು ಸಿದ್ಧವಾಗಿದ್ದರೆ ಬಣ್ಣ ಮೋಡದಂತೆ ಹರಡದೆ, ಮೇಲಿನಿಂದ ತಳದವರೆಗೆ ತೆಳುವಾದ ಪರದೆಯಂತೆ ಇಳಿಬೀಳುತ್ತದೆ. ಮೇಲಿನಿಂದ ನೋಡಿದರೆ ಅದು ಗೆರೆಯಾಗಿ ಕಾಣುತ್ತದೆ. ನೀರಿನ ಕಂಬಗಳನ್ನು ಕಣ್ಣಾರೆ ಕಾಣುವ ಗಳಿಗೆ ಇದು. ಮಕ್ಕಳಿಗೆ ಸಾಕಷ್ಟು ಹೊತ್ತು ನೋಡಲು ಬಿಡಿ. ಬಣ್ಣ ಮೋಡವಾಗಿ ಹರಡಿದರೆ ಇನ್ನೂ ಹತ್ತು ನಿಮಿಷ ಕಾಯಿರಿ.

ಹಂತ 5: ಐಸ್ ಸುಳಿ

ಹಿಂದಿನ ದಿನವೇ ಬಣ್ಣದ ನೀರನ್ನು 4 ಸೆಂ.ಮೀ. ಅಗಲದ ಬಟ್ಟಲುಗಳಲ್ಲಿ ಹೆಪ್ಪುಗಟ್ಟಿಸಿಡಿ. ಕಾಗದದ ಚುಕ್ಕಿಗಳನ್ನು ನೀರಿನ ಮೇಲೆ ಉದುರಿಸಿ, ಒಂದು ಐಸ್ ತುಂಡನ್ನು ಅಲುಗಿಸದೆ ತೇಲಬಿಡಿ. ಕರಗಿದ ತಣ್ಣೀರು ಕೆಳಗಿಳಿಯುತ್ತದೆ, ಆ ಜಾಗ ತುಂಬಲು ಮೇಲಿನ ನೀರು ಸುತ್ತಲಿಂದ ಒಳಸರಿಯುತ್ತದೆ, ಒಳಸರಿಯುವಾಗ ಎಡಸುತ್ತು ಪಡೆಯುತ್ತದೆ.

ಮೊದಲು ಸಮತಳದ ಟಬ್. ಸುಳಿ ಬಹುತೇಕ ಇದ್ದಲ್ಲೇ ಇರುತ್ತದೆ. ತುಸು ಸರಿದರೂ ಗಾಬರಿ ಬೇಡ: ಮೇಲ್ಮೈಯ ಬಟ್ಟಲಾಕಾರಕ್ಕೂ ಸಣ್ಣ ಓರೆಯಿದೆ, ನಡುವಿನಿಂದ 10 ಸೆಂ.ಮೀ. ದೂರದಲ್ಲಿ ಅದು ನಮ್ಮ ತಳದ ಓರೆಗಿಂತ ಸುಮಾರು 13 ಪಟ್ಟು ಕಡಿಮೆ.

ನಂತರ ಓರೆ ತಳದ ಟಬ್. ಐಸನ್ನು ಚಿತ್ರದ ಬಲಭಾಗದಲ್ಲಿ, ಗೋಡೆಯಿಂದ 10 ಸೆಂ.ಮೀ. ಒಳಗೆ ಬಿಡಿ. ಎಡಭಾಗದಲ್ಲಿ ಬಿಟ್ಟರೆ ಸಾಗಲು ಜಾಗವೇ ಇರದೆ ಗೋಡೆಗೆ ಬಡಿಯುತ್ತದೆ. ಬಣ್ಣದ ಕಂಬ ಎಡಕ್ಕೆ ಸಾಗುವುದನ್ನು ನೋಡಿ: ದಂಡೆ ಬಲಗೈಗೆ.

ಆದರೆ ಇಷ್ಟಕ್ಕೇ ತೀರ್ಪು ಕೊಡಬೇಡಿ. ತಳಕ್ಕೆ ಇಳಿದ ತಣ್ಣನೆಯ ಭಾರದ ನೀರು ಕೂಡ ತಿರುಗುವ ಇಳಿಜಾರಿನಲ್ಲಿ ನೇರ ಕೆಳಗೆ ಜಾರದೆ ದಂಡೆಯನ್ನು ಬಲಗೈಗಿಟ್ಟುಕೊಂಡೇ ಹೋಗುತ್ತದೆ. ಐಸ್ ಪ್ರಯೋಗದಲ್ಲಿ ಭಾರದ ಪರಿಣಾಮವೂ ಸುಳಿಯ ಪರಿಣಾಮವೂ ಕಲಸಿಹೋಗಿವೆ. ಬೇರ್ಪಡಿಸಲು ಮುಂದಿನ ಹಂತ ಬೇಕೇ ಬೇಕು.

ಹಂತ 6: ಪೈಪ್ ಸುಳಿ

ಪಿವಿಸಿ ಪೈಪಿನ ಕೆಳತುದಿಯನ್ನು ಒಂದು ಕಡೆ 1.6 ಸೆಂ.ಮೀ. ಗಿಡ್ಡವಾಗುವಂತೆ ಓರೆಯಾಗಿ ಕೊಯ್ಯಿರಿ. ಆಗ ಅದು ಇಳಿಜಾರಿನ ಮೇಲೆ ಸಂದಿಲ್ಲದೆ ಕೂರುತ್ತದೆ. ಗಿಡ್ಡ ಬದಿಗೆ ಗುರುತು ಹಾಕಿ, ಅದು ದಂಡೆಯ ಕಡೆಗಿರಬೇಕು. ಹಾಳೆಯನ್ನು ಸರಿಸಿ ಪೈಪನ್ನು ನಿಲ್ಲಿಸಿ, ನೀರು ಮತ್ತೆ ಶಾಂತವಾಗಲು ಐದು ನಿಮಿಷ ಬಿಡಿ. ಪೈಪಿನೊಳಗೆ ಒಂದು ಹನಿ ಬಣ್ಣ ಹಾಕಿ, ಕಡ್ಡಿಯಿಂದ ಮೆಲ್ಲಗೆ ಕಲಕಿ: ಎಡಸುಳಿ ಬೇಕಾದರೆ ಎಡಸುತ್ತು, ಬಲಸುಳಿ ಬೇಕಾದರೆ ಬಲಸುತ್ತು. ಒಳಗಿನ ನೀರು ಟಬ್ಬಿಗೆ ಹೋಲಿಸಿದರೆ 20ರಿಂದ 30 ಸೆಕೆಂಡಿಗೆ ಒಂದು ಸುತ್ತು ಬಂದರೆ ಸಾಕು. ಹತ್ತು ಸೆಕೆಂಡ್ ತಡೆದು ಪೈಪನ್ನು ನೆಟ್ಟಗೆ, ಓರೆಯಾಗದಂತೆ ಮೇಲೆತ್ತಿ.

ಬಲಸುಳಿಯನ್ನು ಜೋರಾಗಿ ಕಲಕಿದರೆ ಅದು ಒಡೆಯುತ್ತದೆ. ಕಾರಣವಿದೆ: ಬಲಸುತ್ತು ಹಲಗೆಯ ಎಡಸುತ್ತನ್ನು ಕಳೆಯುತ್ತದೆ. ಕೋಣೆಯಿಂದ ನೋಡಿದಾಗ ಒಳಗಿನ ನೀರು ನಿಂತೇಬಿಡುವಷ್ಟು ಅಥವಾ ತಿರುವುಮುರುವಾಗುವಷ್ಟು ಕಲಕಿದರೆ ಅದರ ಅಂಚು ಕದಡಿಹೋಗುತ್ತದೆ. ಎಡಸುಳಿಗೆ ಈ ಕಷ್ಟ ಕಡಿಮೆ. ಆದ್ದರಿಂದ ಅಭ್ಯಾಸಕ್ಕೆ ಮೊದಲು ಅದನ್ನೇ ಮಾಡಿ.

ವಿಡಿಯೋದಲ್ಲಿ ಕಾಣಬೇಕಾದದ್ದು: ಎರಡೂ ಎಡಕ್ಕೆ, ಎಡಸುಳಿ ಎಡಕ್ಕೂ ಮೇಲಕ್ಕೂ, ಬಲಸುಳಿ ಎಡಕ್ಕೂ ಕೆಳಕ್ಕೂ.

ಹಂತ 7: ಅಳತೆ

ವಿಡಿಯೋವನ್ನು 12 ಸೆಕೆಂಡಿಗೊಮ್ಮೆ, ಎಂದರೆ ಎರಡು ಸುತ್ತಿಗೊಮ್ಮೆ, ನಿಲ್ಲಿಸಿ ಸುಳಿಯ ನಡುವನ್ನು ಗುರುತಿಸಿ. ಮೊದಲ ಒಂದೂವರೆ ನಿಮಿಷ ಮಾತ್ರ ನಂಬಿ. ನೀರನ್ನು ಟಬ್ಬಿಗೆ ಹೊಂದಿಸಿದ ಅದೇ ತಳದ ಘರ್ಷಣೆ 100 ಸೆಕೆಂಡಿನಲ್ಲಿ ಸುಳಿಯನ್ನೂ ಸೊರಗಿಸುತ್ತದೆ.

ಲೆಕ್ಕಕ್ಕೆ ಹೀಗೆ ಹೋಲಿಸಿ. ಕೊರಿಯಾಲಿಸ್ ಅಂಶವನ್ನು ಇಳಿಜಾರಿನಿಂದ ಗುಣಿಸಿ ಆಳದಿಂದ ಭಾಗಿಸಿ. ಇದಕ್ಕೆ ತಳದ ಬೀಟಾ ಎಂದು ಹೆಸರು. ಇಳಿಜಾರು ಸುಳಿಯನ್ನು ಎಷ್ಟು ಬಲವಾಗಿ ನಡೆಸುತ್ತದೆ ಎಂಬುದರ ಅಳತೆ. ಟಬ್ಬಿನಲ್ಲಿ 2.1 × 0.15 ÷ 9.9 = 0.032. ಚುಕ್ಕಿಗಳು ಅತಿ ವೇಗವಾಗಿ ಸುತ್ತುವ ವೃತ್ತದ ತ್ರಿಜ್ಯ 3 ಸೆಂ.ಮೀ. ಆಗಿದ್ದರೆ ಅದರ ವರ್ಗ 9ರಿಂದ ಗುಣಿಸಿ: ಸೆಕೆಂಡಿಗೆ ಸುಮಾರು 3 ಮಿ.ಮೀ. ಇದು ಮೇಲ್ಮಿತಿಯ ಅಂದಾಜು, ನಿಮ್ಮ ಸುಳಿ ಇದಕ್ಕಿಂತ ನಿಧಾನವಾಗಿ ಸಾಗುವುದು ಸಹಜ. ಇದರ ಎರಡು ಮೂರು ಪಟ್ಟು ಬಂದರೆ ಹಲಗೆಯ ವೇಗ ಬದಲಾಗಿದೆ ಅಥವಾ ಗಾಳಿ ತಾಗಿದೆ.

ಹಂತ 8: ಟಬ್ಬಿನಿಂದ ಸಮುದ್ರಕ್ಕೆ

ಗೋವಾದ ಎದುರಿನ ಅರಬ್ಬಿ ಸಮುದ್ರ ನಮ್ಮ ಅಕ್ಷಾಂಶದಲ್ಲೇ ಇದೆ, ಆದ್ದರಿಂದ 0.000039 ಅಲ್ಲಿಗೂ ಸಲ್ಲುತ್ತದೆ. ಆಳ 2 ಕಿ.ಮೀ., ಇಳಿಜಾರು 100ಕ್ಕೆ 1 ಎಂದುಕೊಳ್ಳಿ. ತಳದ ಬೀಟಾ ಪ್ರತಿ ಕಿಲೋಮೀಟರಿಗೆ 0.000000195 ಬರುತ್ತದೆ. ಭೂಮಿ ದುಂಡಗಿರುವುದರಿಂದ ಉತ್ತರಕ್ಕೆ ಹೋದಂತೆ ಕೊರಿಯಾಲಿಸ್ ಅಂಶ ಹೆಚ್ಚುವುದರ ಬೀಟಾ 0.000000022. ತಳದ್ದು ಒಂಬತ್ತು ಪಟ್ಟು ಬಲ! ಸಿಂಧನೂರು ಕಡೆ ಗದ್ದೆ ಸಮ ಮಾಡಿಸಿದವರಿಗೆ 100ಕ್ಕೆ 1 ಎಂದರೆ ಎಷ್ಟೆಂದು ಗೊತ್ತು: ನೂರು ಮೀಟರಿನ ಗದ್ದೆಯಲ್ಲಿ ಒಂದು ಮೀಟರ್ ತಗ್ಗು. ಕಣ್ಣಿಗೆ ಅದು ಬಯಲೇ, ನೀರಿಗೆ ಅಲ್ಲ.

ದಿಕ್ಕು ನೋಡಿ. ಪಶ್ಚಿಮ ಕರಾವಳಿಯಲ್ಲಿ ದಂಡೆ ಪೂರ್ವಕ್ಕಿದೆ. ಅದು ಬಲಗೈಗೆ ಬರಬೇಕಾದರೆ ಉತ್ತರಕ್ಕೆ ಮುಖ ಮಾಡಬೇಕು. ಪೂರ್ವ ಕರಾವಳಿಯಲ್ಲಿ ದಕ್ಷಿಣಕ್ಕೆ. ಬಂಗಾಳ ಕೊಲ್ಲಿಯ ಅಂಚಿನ ಅಲೆಗಳು ಪೂರ್ವ ಕರಾವಳಿಗುಂಟ ಇಳಿದು, ಶ್ರೀಲಂಕಾ ಸುತ್ತಿ, ಪಶ್ಚಿಮ ಕರಾವಳಿಗುಂಟ ಏರುವುದೂ ಇದೇ ದಿಕ್ಕಿನಲ್ಲಿ.

ಇಲ್ಲಿ ಟಬ್ ಹೇಳದ ಒಂದು ಮಾತಿದೆ. ಟಬ್ಬಿನ ನೀರು ಮೇಲಿನಿಂದ ಕೆಳಗಿನವರೆಗೆ ಒಂದೇ ಸಾಂದ್ರತೆಯದು. ಸಮುದ್ರದಲ್ಲಿ ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ. ಹಾಗಾಗಿ ಕಂಬ ಒಂದೇ ತುಂಡಲ್ಲ. ಮೇಲಿನ ಕೆಲವು ನೂರು ಮೀಟರಿನಲ್ಲೇ ಬಲ ಇರುವ ಸುಳಿಗೆ ತಳ ಅರ್ಧಂಬರ್ಧ ಮಾತ್ರ ತಾಗುತ್ತದೆ, ಅದು ಭೂಮಿಯ ಬೀಟಾ ಹೇಳಿದಂತೆ ಪಶ್ಚಿಮಕ್ಕೆ ಹೊರಡುತ್ತದೆ. ತಳ ಮುಟ್ಟುವ ಸುಳಿ ಆಳದ ಗೆರೆಗಳನ್ನು ಹಿಡಿದು ನಡೆಯುತ್ತದೆ. ಖಂಡಾವರಣ ಇಳಿಜಾರು, ಎಂದರೆ ಕರಾವಳಿಯ ಆಳವಿಲ್ಲದ ಅಂಗಳ ಮುಗಿದು ಸಮುದ್ರ ಧುಮುಕುವ ಜಾಗ, ಇದರಿಂದಲೇ ಸುಳಿಗಳಿಗೆ ಬೇಲಿಯಂತೆ ವರ್ತಿಸುತ್ತದೆ.

ಲೆಕ್ಕವನ್ನು ನಿಜವಾದ ತಳಕ್ಕೆ ಹಚ್ಚಬೇಕೆಂದರೆ ಜೆಬ್ಕೋ ಎಂಬ ಜಾಗತಿಕ ಆಳದ ನಕ್ಷೆ ಉಚಿತವಾಗಿ ಸಿಗುತ್ತದೆ. ಅದರ ಚೌಕಗಳ ಅಂತರ ಅರ್ಧ ಕಿಲೋಮೀಟರಿಗೂ ತುಸು ಕಡಿಮೆ. ಎರಡು ತಪ್ಪು ಆಗದಂತೆ ನೋಡಿಕೊಳ್ಳಿ. ಪಕ್ಕಪಕ್ಕದ ಚೌಕಗಳಿಂದ ಇಳಿಜಾರು ತೆಗೆಯಬೇಡಿ, ಸಣ್ಣ ಗುಡ್ಡ ಕಣಿವೆಗಳೇ ಉತ್ತರವನ್ನು ನುಂಗುತ್ತವೆ. ಸುಳಿಯಷ್ಟೇ ಅಗಲಕ್ಕೆ, 50 ಕಿ.ಮೀ.ಗಾದರೂ, ಸರಾಸರಿ ಮಾಡಿ ಆಮೇಲೆ ತೆಗೆಯಿರಿ. ಒಂದು ಡಿಗ್ರಿ ರೇಖಾಂಶವನ್ನು 111 ಕಿ.ಮೀ. ಎಂದು ಹಿಡಿಯಬೇಡಿ, ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 107.

ಭೂಮಧ್ಯರೇಖೆಯ ದಕ್ಷಿಣಕ್ಕೆ ಸೂತ್ರ ತಿರುಗಿ ದಂಡೆ ಎಡಗೈಗೆ ಬರುತ್ತದೆ. ನೋಡಬೇಕೆಂದರೆ ಮೋಟರಿನ ವೈರು ಅದಲುಬದಲು ಮಾಡಿ, 20 ನಿಮಿಷ ಕಾದು, ಈ ಸಲ ಐಸನ್ನು ಚಿತ್ರದ ಎಡಭಾಗದಲ್ಲಿ ಬಿಡಿ. ಸುಳಿ ಬಲಸುತ್ತು ಸುತ್ತುತ್ತ ಬಲಕ್ಕೆ ಹೊರಡುತ್ತದೆ.